ನಮ್ಮನ್ನು ಯಾರೂ ಕೇಳಲೇ ಇಲ್ಲ, ಸಮೀಕ್ಷೆಗೆ ನಮ್ಮ ಮನಸ್ಸು ಹೇಗೆ ಗೊತ್ತು?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಈ ವರ್ಷ ನನಗೆ ಅಮೆರಿಕದ ಪೌರತ್ವ ಬಂತು. ನವೆಂಬರ್ 3ರ ಮಿಡ್‌ಟರ್ಮ್ ಚುನಾವಣೆಯಲ್ಲಿ ಮೊದಲ ಸಲ ಮತ ಹಾಕಲಿದ್ದೇನೆ. ಟಿವಿಯಲ್ಲಿ ದಿನಕ್ಕೊಂದು ಸಮೀಕ್ಷೆ ಬರುತ್ತೆ. ಒಂದೇ ವಾರದಲ್ಲಿ ಒಂದರಲ್ಲಿ ಒಂದು ಪಕ್ಷ ಬಹಳ ಮುಂದೆ, ಇನ್ನೊಂದರಲ್ಲಿ ಇಬ್ಬರೂ ಹತ್ತಿರ ಹತ್ತಿರ. ನಮ್ಮ ಕನ್ನಡ ಕೂಟದಲ್ಲಿ ವಿಚಾರಿಸಿದೆ, ಒಬ್ಬರಿಗೂ ಯಾವತ್ತೂ ಇಂಥ ಫೋನ್ ಬಂದಿಲ್ಲವಂತೆ. ಸಾವಿರ ಜನರನ್ನು ಕೇಳಿ ಇಡೀ ದೇಶದ ಮನಸ್ಸು ಹೇಗೆ ಹೇಳುತ್ತಾರೆ? 2016ರಲ್ಲೂ 2020ರಲ್ಲೂ ತಪ್ಪಾಯಿತಲ್ಲ? ದುಡ್ಡು ಕೊಟ್ಟು ಬೇಕಾದ ಹಾಗೆ ಬರೆಸಿಕೊಳ್ಳುತ್ತಾರೆ ಅಂತ ನಮ್ಮ ಭಾವ ಹೇಳುತ್ತಾರೆ. ಈಗ ನನ್ನ ಫೋನಿಗೂ ಸಮೀಕ್ಷೆ ಅಂತ ಮೆಸೇಜ್ ಬರುತ್ತಿವೆ, ಒತ್ತಲು ಭಯ. ನಮ್ಮ ಯಜಮಾನರಂತೂ "ಇಲ್ಲಿ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಗೊತ್ತು, ಸುಮ್ನೆ ಯಾಕೆ ಹೋಗಿ ನಿಲ್ಲೋದು" ಎನ್ನುತ್ತಾರೆ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಮೊದಲ ಮತಕ್ಕೆ ಅಭಿನಂದನೆ. ನಿಮ್ಮ ಪತ್ರದಲ್ಲಿ ಸಮೀಕ್ಷೆಯನ್ನು ನಂಬಬಹುದೇ ಎಂಬ ಅನುಮಾನವೂ ಇದೆ, ಅದನ್ನು ನಂಬಿ ಮತ ಹಾಕದೇ ಇರಬಹುದೇ ಎಂಬ ಪ್ರಶ್ನೆಯೂ ಇದೆ. ಜನರಿಂದ ಬಂದ ಉತ್ತರಗಳನ್ನು ಲೆಕ್ಕಕ್ಕೆ ಹಾಕಿ, ಟಿವಿಯಲ್ಲಿ ಕಾಣುವ ಆ ಕೊನೆಯ ಸಂಖ್ಯೆಯನ್ನು ತರುವುದು ನನ್ನ ಕೆಲಸ. ಒಳಗಿನಿಂದ ಹೇಗೆ ಕಾಣುತ್ತದೋ ಹಾಗೇ ಹೇಳುತ್ತೇನೆ.

ಸಾವಿರ ಜನ ಸಾಕೇ? ಸಂಖ್ಯೆಯ ಮಟ್ಟಿಗೆ ಸಾಕು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕುತ್ತೇವೆ. ಪಾತ್ರೆ ದೊಡ್ಡದೋ ಚಿಕ್ಕದೋ ಎನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅಗುಳನ್ನು ಎಲ್ಲಿಂದ ತೆಗೆದಿರಿ ಎನ್ನುವುದೇ ಮುಖ್ಯ. ಸರಿಯಾಗಿ ಆರಿಸಿದ ಸಾವಿರ ಜನರ ಉತ್ತರದಲ್ಲಿ ಆಕಸ್ಮಿಕವಾಗಿ ಆಗುವ ಹೆಚ್ಚುಕಡಿಮೆ ಸುಮಾರು 3 ಪಾಯಿಂಟ್, ಅಂದರೆ ನೂರಕ್ಕೆ ಮೂರು. ನಾಲ್ಕು ಸಾವಿರ ಜನರನ್ನು ಕೇಳಿದರೆ ಅದು ಒಂದೂವರೆಗೆ ಇಳಿಯುತ್ತದೆ, ಖರ್ಚು ಮಾತ್ರ ನಾಲ್ಕು ಪಟ್ಟು. ಆರಿಸುವುದು ಸರಿ ಇಲ್ಲದಿದ್ದರೆ ಎಷ್ಟು ಜನ ಇದ್ದರೂ ಪ್ರಯೋಜನವಿಲ್ಲ. 1936ರಲ್ಲಿ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಕಾರ್ಡ್ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂತು. ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48ರಲ್ಲಿ 46 ರಾಜ್ಯಗಳಲ್ಲಿ. ಕಾರ್ಡ್ ಹೋದದ್ದು ಹೆಚ್ಚಾಗಿ ಆ ಕಷ್ಟಕಾಲದಲ್ಲೂ ಫೋನ್, ಕಾರು ಇಟ್ಟುಕೊಂಡಿದ್ದ ಮನೆಗಳಿಗೆ. ವಾಪಸ್ ಕಳಿಸಿದವರಲ್ಲೂ ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಜಾಸ್ತಿ.

ನಿಮ್ಮ ಕೂಟದಲ್ಲಿ ಯಾರಿಗೂ ಫೋನ್ ಬರದಿರುವುದಕ್ಕೆ ಮೊದಲ ಕಾರಣ ಸರಳ. ಈ ದೇಶದಲ್ಲಿ ನೋಂದಾಯಿತ ಮತದಾರರು 17 ಕೋಟಿಗೂ ಹೆಚ್ಚು. ಒಂದು ಸಮೀಕ್ಷೆಗೆ ಸಾವಿರ ಜನ ಅಂದರೆ ನಿಮ್ಮ ಸರದಿ ಬರುವುದು 1 ಲಕ್ಷ 70 ಸಾವಿರದಲ್ಲಿ ಒಂದು. ಇನ್ನೂ ಎರಡು ಕಾರಣಗಳಿವೆ, ಅವು ನಮ್ಮಂಥವರಿಗೆ ವಿಶೇಷವಾಗಿ ಅನ್ವಯಿಸುತ್ತವೆ. ಅನೇಕ ಸಂಸ್ಥೆಗಳು ಮತದಾರರ ಪಟ್ಟಿಯಿಂದಲೇ ಹೆಸರು ಆರಿಸುತ್ತವೆ. ಆ ಪಟ್ಟಿಯಲ್ಲಿ ನೀವು ಯಾವ ಯಾವ ಚುನಾವಣೆಗೆ ಬಂದಿದ್ದೀರಿ ಎಂದು ಇರುತ್ತದೆ. ಯಾರಿಗೆ ಹಾಕಿದಿರಿ ಎಂದು ಇರುವುದಿಲ್ಲ. ಹೊಸದಾಗಿ ಪೌರತ್ವ ಪಡೆದವರ ಹೆಸರಿನ ಮುಂದೆ ಆ ಜಾಗ ಖಾಲಿ. ಖಾಲಿ ಇದ್ದವರು "ಬರುವುದು ಅನುಮಾನ" ಎಂಬ ಲೆಕ್ಕಕ್ಕೆ ಸುಲಭವಾಗಿ ಜಾರಿಬಿಡುತ್ತಾರೆ. ಇನ್ನೊಂದು, ಭಾರತ ಮೂಲದವರು ಇಲ್ಲಿ ನೂರಕ್ಕೆ ಒಬ್ಬರು, ಒಂದೂವರೆ ಜನ. ಸಾವಿರ ಜನರ ಸಮೀಕ್ಷೆಯಲ್ಲಿ ನಮ್ಮವರು ಹತ್ತೋ ಹದಿನೈದೋ ಸಿಗಬಹುದು. ಅಷ್ಟು ಜನರನ್ನು ಇಟ್ಟುಕೊಂಡು "ಇಂಡಿಯನ್ ಅಮೆರಿಕನ್ನರು ಈ ಕಡೆ ವಾಲಿದ್ದಾರೆ" ಎಂದು ಯಾರಾದರೂ ಬರೆದರೆ ಓದಿ ಪಕ್ಕಕ್ಕಿಡಿ. ನಮ್ಮ ಸಮುದಾಯದ ಬಗ್ಗೆ ತಿಳಿಯಬೇಕೆಂದರೆ ಎಎಪಿಐ ಡೇಟಾ, ಕಾರ್ನೆಗಿ ಎಂಡೋಮೆಂಟ್ ಮುಂತಾದ ಸಂಶೋಧನಾ ಸಂಸ್ಥೆಗಳು ನಮ್ಮನ್ನೇ ಹುಡುಕಿ ಮಾಡುವ ಬೇರೆ ಸಮೀಕ್ಷೆಗಳಿವೆ, ಅವನ್ನು ನೋಡಬೇಕು.

ಈಗ ನಿಜವಾದ ಕಷ್ಟಕ್ಕೆ ಬರೋಣ. ಫೋನ್ ಎತ್ತುವವರು ಕಡಿಮೆಯಾಗಿದ್ದಾರೆ. ಪ್ಯೂ ರಿಸರ್ಚ್ ಸೆಂಟರ್ ತನ್ನದೇ ಲೆಕ್ಕ ಕೊಟ್ಟಿದೆ: ಅವರ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ನೂರಕ್ಕೆ 36 ಜನ ಉತ್ತರಿಸುತ್ತಿದ್ದರು, 2012ರಲ್ಲಿ 9, 2018ರಲ್ಲಿ 6. ಮೊಬೈಲ್‌ಗಳಿಗೆ ಯಂತ್ರದಿಂದ ತಾನಾಗೇ ಕರೆ ಹೋಗುವಂತೆ ಮಾಡಲು 1991ರ ಕಾನೂನು ಅಡ್ಡ ಬರುತ್ತದೆ, ಒಬ್ಬ ಮನುಷ್ಯ ಕೂತು ನಂಬರ್ ಒತ್ತಬೇಕು. ಅದು ದುಬಾರಿ. ಹಾಗಾಗಿ ಈಗ ಕೆಲವರು ಫೋನ್, ಕೆಲವರು ಮೆಸೇಜ್, ಕೆಲವರು ಮನೆ ವಿಳಾಸಕ್ಕೆ ಕಾಗದ ಕಳಿಸಿ ಕಟ್ಟಿಕೊಂಡ ತಂಡ, ಕೆಲವರು ದುಡ್ಡಿಗೋ ಕೂಪನ್ನಿಗೋ ಉತ್ತರ ಕೊಡುವ ಆನ್‌ಲೈನ್ ಗುಂಪು ಬಳಸುತ್ತಾರೆ. ಈ ಕೊನೆಯ ಬಗೆಯಲ್ಲಿ ನಾನು ಬಹಳ ಜಾಗ್ರತೆ ವಹಿಸುತ್ತೇನೆ. ಇಂಥ ಒಂದು ಗುಂಪಿನಲ್ಲಿ 30 ವರ್ಷದ ಒಳಗಿನವರಲ್ಲಿ ಶೇ. 12 ಜನ ತಮಗೆ ಅಣು ಜಲಾಂತರ್ಗಾಮಿ ನಡೆಸುವ ಲೈಸೆನ್ಸ್ ಇದೆ ಎಂದು ಟಿಕ್ ಮಾಡಿದ್ದನ್ನು ಪ್ಯೂ ತೋರಿಸಿಕೊಟ್ಟಿತು. ಅವರು ಪ್ರಶ್ನೆ ಓದಿಯೇ ಇಲ್ಲ. ಅದೇ ಬೆರಳು ಮುಂದಿನ ಪ್ರಶ್ನೆಯಲ್ಲಿ ಯಾವುದೋ ಪಕ್ಷವನ್ನೂ ಒತ್ತಿರುತ್ತದೆ.

ಉತ್ತರ ಕೊಟ್ಟವರು ಇಡೀ ಮತದಾರರ ಹಾಗೆ ಇರುವುದಿಲ್ಲ. ವಯಸ್ಸಾದವರು, ಹೆಚ್ಚು ಓದಿದವರು, ರಾಜಕೀಯದ ಆಸಕ್ತಿ ಇರುವವರು ಜಾಸ್ತಿ ಸಿಗುತ್ತಾರೆ. ಅದನ್ನು ಸರಿತೂಗಿಸಲು ಕಡಿಮೆ ಸಿಕ್ಕವರ ಉತ್ತರಕ್ಕೆ ಹೆಚ್ಚು ತೂಕ ಕೊಡುತ್ತೇವೆ. ಇಲ್ಲಿ ಪ್ರಾಮಾಣಿಕರ ನಡುವೆಯೂ ಅಭಿಪ್ರಾಯ ಭೇದ ಬರುತ್ತದೆ. ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. 2016ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಫ್ಲೋರಿಡಾದ 867 ಮತದಾರರ ಉತ್ತರಗಳನ್ನು ತಾನು ಲೆಕ್ಕ ಹಾಕಿದ್ದಲ್ಲದೆ, ಅದೇ ಕಚ್ಚಾ ಮಾಹಿತಿಯನ್ನು ಇನ್ನೂ ನಾಲ್ಕು ತಜ್ಞರ ತಂಡಗಳಿಗೆ ಕೊಟ್ಟಿತು. ಅದೇ ಜನ, ಅದೇ ಉತ್ತರ. ಒಬ್ಬರಿಗೆ ಕ್ಲಿಂಟನ್ 4 ಪಾಯಿಂಟ್ ಮುಂದೆ ಬಂದರು, ಇನ್ನೊಬ್ಬರಿಗೆ ಟ್ರಂಪ್ 1 ಪಾಯಿಂಟ್ ಮುಂದೆ. ಐದು ಪಾಯಿಂಟ್ ವ್ಯತ್ಯಾಸ! ಯಾರೂ ಮೋಸ ಮಾಡಿರಲಿಲ್ಲ. ಯಾರಿಗೆ ಎಷ್ಟು ತೂಕ, ಯಾರು ನಿಜವಾಗಿ ಮತ ಹಾಕಲು ಬರುತ್ತಾರೆ ಎಂಬ ತೀರ್ಮಾನ ಒಬ್ಬೊಬ್ಬರದು ಒಂದೊಂದು ಇತ್ತು, ಅಷ್ಟೆ. ಒಂದೇ ವಾರದಲ್ಲಿ ನೀವು ನೋಡಿದ ಎರಡು ಬೇರೆ ಬೇರೆ ಸಂಖ್ಯೆಗೆ ಬಹಳ ಮಟ್ಟಿಗೆ ಇದೇ ಕಾರಣ.

"ಯಾರು ಬರುತ್ತಾರೆ" ಎಂಬ ಪ್ರಶ್ನೆ ಮಿಡ್‌ಟರ್ಮ್‌ನಲ್ಲಿ ಇನ್ನೂ ಗಟ್ಟಿ. ಅಧ್ಯಕ್ಷರ ನಾಲ್ಕು ವರ್ಷದ ಅವಧಿಯ ನಡುವೆ ಬರುವ ಈ ಚುನಾವಣೆಯಲ್ಲಿ ಇಲ್ಲಿನ ಸಂಸತ್ತಿನ ಕೆಳಮನೆಯಾದ ಹೌಸ್‌ನ 435 ಸ್ಥಾನ, ಮೇಲ್ಮನೆಯಾದ ಸೆನೆಟ್‌ನ ಸುಮಾರು ಮೂರನೇ ಒಂದು ಭಾಗ, ಅನೇಕ ರಾಜ್ಯಗಳ ಗವರ್ನರ್ ಸ್ಥಾನಗಳು ತೀರ್ಮಾನವಾಗುತ್ತವೆ. ಅಧ್ಯಕ್ಷರ ಹೆಸರು ಮತಪತ್ರದಲ್ಲಿ ಇರುವುದಿಲ್ಲ, ಹಾಗಾಗಿ ಎಷ್ಟೋ ಜನ ಬರುವುದೇ ಇಲ್ಲ. 2020ರ ಅಧ್ಯಕ್ಷೀಯ ಚುನಾವಣೆಗೆ ಅರ್ಹರಲ್ಲಿ ಮೂರನೇ ಎರಡು ಭಾಗ ಜನ ಬಂದರು. 2014ರ ಮಿಡ್‌ಟರ್ಮ್‌ಗೆ ಬಂದವರು ನೂರಕ್ಕೆ 37ರ ಆಸುಪಾಸು, 2018ರಲ್ಲಿ ಸುಮಾರು 50, 2022ರಲ್ಲಿ ಸುಮಾರು 46. ಆದರೆ ಫೋನಿನಲ್ಲಿ ಕೇಳಿದರೆ ಹೆಚ್ಚಿನವರು "ಖಂಡಿತ ಹಾಕ್ತೀನಿ" ಎನ್ನುತ್ತಾರೆ. ಇಲ್ಲ ಎನ್ನಲು ಸಂಕೋಚ, ಅಲ್ವಾ? ಆ ಮಾತಿನಲ್ಲಿ ಎಷ್ಟನ್ನು ನಂಬಬೇಕು ಎಂಬುದು ಪ್ರತಿ ಸಂಸ್ಥೆಯ ಊಹೆ. ಹಿಂದೆ ಕಡಿಮೆ ಮತದಾನವಾದರೆ ರಿಪಬ್ಲಿಕನ್ನರಿಗೆ ಲಾಭ ಎಂಬ ಲೆಕ್ಕವಿತ್ತು. ಈಚೆಗೆ ಕಾಲೇಜು ಓದಿದವರು ಡೆಮಾಕ್ರಟಿಕ್ ಕಡೆ ಸರಿದಿದ್ದಾರೆ, ಪ್ರತಿ ಸಲ ತಪ್ಪದೆ ಮತ ಹಾಕುವವರೂ ಅವರೇ ಹೆಚ್ಚು. ಹಳೆಯ ಊಹೆ ಇಟ್ಟುಕೊಂಡು ಕೂತರೆ ಲೆಕ್ಕ ತಪ್ಪುತ್ತದೆ. 2010ರಲ್ಲಿ ಗ್ಯಾಲಪ್‌ನಂಥ ಹಳೆಯ ಸಂಸ್ಥೆಯೇ ಮತ ಹಾಕಲು ಬರುವವರಲ್ಲಿ ರಿಪಬ್ಲಿಕನ್ನರು 15 ಪಾಯಿಂಟ್ ಮುಂದೆ ಎಂದಿತು. ನಿಜವಾದ ಅಂತರ ಅದರ ಅರ್ಧಕ್ಕಿಂತಲೂ ಕಡಿಮೆ ಇತ್ತು.

ಹಾಗಾಗಿ ಸಮೀಕ್ಷೆಯ ಕೆಳಗೆ ಸಣ್ಣ ಅಕ್ಷರದಲ್ಲಿ "ಎಲ್ಲ ವಯಸ್ಕರು", "ನೋಂದಾಯಿತ ಮತದಾರರು", "ಮತ ಹಾಕುವ ಸಾಧ್ಯತೆ ಇರುವವರು" ಎಂಬುದರಲ್ಲಿ ಯಾವುದು ಇದೆ ಎಂದು ಮೊದಲು ನೋಡಿ. ಈ ಮೂರೂ ಬೇರೆ ಬೇರೆ ಗುಂಪು. ಅಧ್ಯಕ್ಷರ ಕೆಲಸ ಒಪ್ಪುವಿರಾ ಎಂಬ ಪ್ರಶ್ನೆಯನ್ನು ಎಷ್ಟೋ ಕಡೆ ಎಲ್ಲ ವಯಸ್ಕರಿಗೂ ಕೇಳುತ್ತಾರೆ, ಅವರಲ್ಲಿ ಮತದ ಹಕ್ಕೇ ಇಲ್ಲದ ಗ್ರೀನ್ ಕಾರ್ಡ್‌ನವರೂ ಇರುತ್ತಾರೆ. ಒಂದು ಗುಂಪಿನ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸಿ "ಬದಲಾವಣೆ" ಎನ್ನುವ ಸುದ್ದಿಗಳು ನನಗೆ ಬಹಳ ಬೇಸರ ತರುತ್ತವೆ.

ಇನ್ನು 2016, 2020ರ ಮಾತು. 2016ರಲ್ಲಿ ದೇಶದ ಒಟ್ಟು ಮತದ ಸಮೀಕ್ಷೆಗಳು ಅಷ್ಟೇನೂ ತಪ್ಪಿರಲಿಲ್ಲ. ಕ್ಲಿಂಟನ್ ಸುಮಾರು 3 ಪಾಯಿಂಟ್ ಮುಂದೆ ಎಂದಿದ್ದವು, ಒಟ್ಟು ಮತದಲ್ಲಿ ಅವರು 2 ಪಾಯಿಂಟ್ ಮುಂದಿದ್ದರು. ತಪ್ಪಿದ್ದು ವಿಸ್ಕಾನ್ಸಿನ್, ಮಿಷಿಗನ್, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ. ಅಲ್ಲಿನ ಅನೇಕ ಸಮೀಕ್ಷೆಗಳು ಓದಿನ ಮಟ್ಟಕ್ಕೆ ತೂಕ ಕೊಟ್ಟಿರಲಿಲ್ಲ. 2020ರದು ದೊಡ್ಡ ತಪ್ಪು, ಅದನ್ನು ಮುಚ್ಚಿಡುವ ಹಾಗಿಲ್ಲ. ನಮ್ಮ ವೃತ್ತಿಯವರ ಸಂಘದ ತನಿಖೆಯೇ 40 ವರ್ಷಗಳಲ್ಲಿ ಅಷ್ಟು ದೊಡ್ಡ ತಪ್ಪು ಆಗಿರಲಿಲ್ಲ ಎಂದಿತು. ವ್ಯವಸ್ಥೆಯ ಮೇಲೆ ನಂಬಿಕೆ ಇಲ್ಲದವರು ಫೋನೂ ಎತ್ತುವುದಿಲ್ಲ, ಅವರಲ್ಲಿ ಟ್ರಂಪ್ ಬೆಂಬಲಿಗರು ಹೆಚ್ಚು ಎನ್ನುವುದು ನನಗೂ ಸರಿ ಎನಿಸುವ ವಿವರಣೆ. ಸಿಗದವರು ಹೇಗಿದ್ದಾರೆ ಎಂದು ಸಿಕ್ಕವರನ್ನು ನೋಡಿ ಸಾಬೀತು ಮಾಡುವುದು ಮಾತ್ರ ಬಹಳ ಕಷ್ಟ.

ಆದರೆ ಟ್ರಂಪ್ ಹೆಸರು ಮತಪತ್ರದಲ್ಲಿ ಇಲ್ಲದ ಎರಡು ಮಿಡ್‌ಟರ್ಮ್‌ಗಳನ್ನು ನೋಡಿ. 2018ರಲ್ಲಿ ಹೌಸ್‌ಗೆ ಡೆಮಾಕ್ರಟಿಕ್ ಪಕ್ಷ ಸುಮಾರು 8.7 ಪಾಯಿಂಟ್ ಮುಂದೆ ಎಂದು ಸಮೀಕ್ಷೆಗಳ ಸರಾಸರಿ ತೆಗೆಯುತ್ತಿದ್ದ ಫೈವ್‌ಥರ್ಟಿಎಯ್ಟ್ ಎಂಬ ಜಾಲತಾಣದ ಕೊನೆಯ ಸರಾಸರಿ ಹೇಳಿತ್ತು, ಬಂದದ್ದು 8.6. 2022ರಲ್ಲಿ "ಕೆಂಪು ಅಲೆ", ಅಂದರೆ ರಿಪಬ್ಲಿಕನ್ನರ ಭಾರಿ ಗೆಲುವು, ಎಂದು ಎಲ್ಲೆಡೆ ಕೂಗಿದರು, ಅಲೆ ಬರಲಿಲ್ಲ, ಹಾಗಾಗಿ ಸಮೀಕ್ಷೆ ತಪ್ಪಾಯಿತು ಎಂದು ಜನ ನೆನಪಿಟ್ಟುಕೊಂಡಿದ್ದಾರೆ. ನಿಜಕ್ಕೂ ಆ ಸರಾಸರಿ ರಿಪಬ್ಲಿಕನ್ನರಿಗೆ ಕೊಟ್ಟದ್ದು 1.2 ಪಾಯಿಂಟ್ ಮುನ್ನಡೆ ಮಾತ್ರ. ಅವರಿಗೆ ಸಿಕ್ಕಿದ್ದು 2.8. ಅಲೆ ಎಂದದ್ದು ಟಿವಿಯಲ್ಲಿ ಕೂತವರು. ಅಷ್ಟು ಮತ ಪಡೆದೂ ಅವರಿಗೆ ಬಂದದ್ದು 222 ಸ್ಥಾನ. ಫ್ಲೋರಿಡಾ, ನ್ಯೂಯಾರ್ಕ್‌ನಲ್ಲಿ ಮತ ಹರಿದು ಬಂತು, ಪೆನ್ಸಿಲ್ವೇನಿಯಾ, ಮಿಷಿಗನ್‌ನಲ್ಲಿ ಬರಲಿಲ್ಲ. ದೇಶದ ಸಂಖ್ಯೆಯನ್ನು ಸ್ಥಾನಗಳಿಗೆ ನೇರವಾಗಿ ಬದಲಾಯಿಸಲು ಆಗುವುದಿಲ್ಲ. ಈಗ ಟೆಕ್ಸಸ್, ಕ್ಯಾಲಿಫೋರ್ನಿಯಾ ಮುಂತಾದ ಕಡೆ ಕ್ಷೇತ್ರದ ಗಡಿಗಳನ್ನು ಹೊಸದಾಗಿ ಎಳೆದಿರುವುದರಿಂದ ಈ ಸಲ ಅದು ಇನ್ನೂ ಕಷ್ಟ.

ನಿಮ್ಮ ರಾಜ್ಯದ ಉದಾಹರಣೆಯೇ ಸಾಕು. 2021ರ ಗವರ್ನರ್ ಚುನಾವಣೆಯಲ್ಲಿ ಫಿಲ್ ಮರ್ಫಿ ಆರಾಮಾಗಿ ಗೆಲ್ಲುತ್ತಾರೆ ಎಂದು ಸಮೀಕ್ಷೆಗಳು ಹೇಳಿದವು, ಗೆದ್ದದ್ದು 3 ಪಾಯಿಂಟ್‌ನಲ್ಲಿ. 2025ರಲ್ಲಿ ಮಿಕಿ ಶೆರಿಲ್‌ಗೆ ಹೆಚ್ಚಿನ ಸಮೀಕ್ಷೆಗಳು ಹತ್ತರ ಒಳಗಿನ ಮುನ್ನಡೆ ಕೊಟ್ಟವು, ಅವರು ಗೆದ್ದದ್ದು 13ಕ್ಕೂ ಹೆಚ್ಚು ಪಾಯಿಂಟ್‌ನಲ್ಲಿ. ಒಂದು ಸಲ ಡೆಮಾಕ್ರಟಿಕ್ ಪಕ್ಷಕ್ಕೆ ಜಾಸ್ತಿ ಕೊಟ್ಟರು, ಮುಂದಿನ ಸಲ ಅದೇ ಪಕ್ಷಕ್ಕೆ ಕಡಿಮೆ. "ಹೋದ ಸಲ ಈ ಕಡೆ ತಪ್ಪಿತ್ತು, ಈ ಸಲವೂ ಹಾಗೇ" ಎಂದು ಮನಸ್ಸಿನಲ್ಲೇ ಕೂಡಿಸಿ ಕಳೆದು ಮಾಡುವವರು ದಯವಿಟ್ಟು ಇದನ್ನು ಗಮನಿಸಬೇಕು. ತಪ್ಪು ಯಾವ ಕಡೆಗೆ ಎಂದು ಮೊದಲೇ ಹೇಳಲು ನಮಗೆ ಯಾರಿಗೂ ಆಗುವುದಿಲ್ಲ.

ನಿಮ್ಮ ಭಾವನವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಅಭ್ಯರ್ಥಿಗಳು ತಮಗಾಗಿ ಸಮೀಕ್ಷೆ ಮಾಡಿಸುತ್ತಾರೆ. ಅದರಲ್ಲಿ ಚೆನ್ನಾಗಿ ಬಂದದ್ದನ್ನು ಮಾತ್ರ ಪತ್ರಿಕೆಗೆ ಕೊಡುತ್ತಾರೆ, ಕೆಟ್ಟದ್ದು ಕಪಾಟಿನಲ್ಲೇ ಉಳಿಯುತ್ತದೆ. ಇಂಥವನ್ನು ನೋಡಿದರೆ ನಾನು ಆ ಪಕ್ಷದ ಮುನ್ನಡೆಯಿಂದ ನಾಲ್ಕೈದು ಪಾಯಿಂಟ್ ಕಳೆದೇ ಓದುತ್ತೇನೆ. ಪತ್ರಿಕೆಗಳು, ಟಿವಿಗಳು, ಸಿಯೆನಾ, ಕ್ವಿನಿಪಿಯಾಕ್, ಮಾರ್ಕ್ವೆಟ್, ನಿಮ್ಮ ರಟ್ಗರ್ಸ್‌ನಂಥ ವಿಶ್ವವಿದ್ಯಾಲಯಗಳು ಮಾಡಿಸುವುದು ಬೇರೆ. ಅವರಿಗೆ ಸರಿಯಾಗಿ ಬರುವುದೇ ಮರ್ಯಾದೆ. ಆ ಮರ್ಯಾದೆಯ ಭಯವೇ ಇನ್ನೊಂದು ತೊಂದರೆ ತರುತ್ತದೆ. ತಮ್ಮ ಸಂಖ್ಯೆ ಎಲ್ಲರಿಗಿಂತ ಬೇರೆ ಬಂದರೆ ಕೆಲವರು ಅದನ್ನು ತಿದ್ದಿ ಗುಂಪಿನೊಳಗೆ ಸೇರಿಸುತ್ತಾರೆ, ಇಲ್ಲವೇ ಪ್ರಕಟಿಸುವುದೇ ಇಲ್ಲ. 2024ರಲ್ಲಿ ಹೆಸರಾಂತ ಸಮೀಕ್ಷಕಿ ಆನ್ ಸೆಲ್ಜರ್ ಅಯೋವಾದಲ್ಲಿ ಹ್ಯಾರಿಸ್ 3 ಪಾಯಿಂಟ್ ಮುಂದೆ ಎಂದು ಪ್ರಕಟಿಸಿದರು, ಟ್ರಂಪ್ ಅಲ್ಲಿ 13 ಪಾಯಿಂಟ್‌ನಲ್ಲಿ ಗೆದ್ದರು. ಅವರನ್ನು ಬಹಳ ಬೈದರು. ನನಗೆ ಮಾತ್ರ ಅವರ ಮೇಲೆ ಗೌರವ ಹೆಚ್ಚಾಯಿತು. ಬಂದದ್ದನ್ನು ಬಂದ ಹಾಗೆ ಹೇಳುವವರು ಇಲ್ಲದಿದ್ದರೆ ಈ ಕೆಲಸಕ್ಕೆ ಅರ್ಥವೇ ಇಲ್ಲ.

ಹಾಗಾದರೆ ಓದುವುದು ಹೇಗೆ? ಒಂದೊಂದು ಸಮೀಕ್ಷೆಯ ಹಿಂದೆ ಓಡುವುದು ಬೇಡ. ಸರಾಸರಿ ನೋಡುವುದು ಒಳ್ಳೆಯದು, ಆದರೆ ಪಕ್ಷದ ಪರವಾದ ಸಂಸ್ಥೆಗಳು ಕೊನೆಯ ವಾರಗಳಲ್ಲಿ ರಾಶಿ ರಾಶಿ ಸುರಿದರೆ ಸರಾಸರಿಯೂ ವಾಲುತ್ತದೆ. 2022ರಲ್ಲಿ ಪೆನ್ಸಿಲ್ವೇನಿಯಾದ ಸೆನೆಟ್ ಸ್ಥಾನದಲ್ಲಿ ಆ ಅನುಮಾನ ಬಂದಿತ್ತು. ಕೊನೆಗೆ ಹೆಚ್ಚುಕಡಿಮೆ ಸಮ ಎಂದಿದ್ದ ಕಡೆ ಡೆಮಾಕ್ರಟಿಕ್ ಪಕ್ಷದ ಫೆಟರ್‌ಮನ್ ಸುಮಾರು 5 ಪಾಯಿಂಟ್‌ನಲ್ಲಿ ಗೆದ್ದರು. ಒಂದೇ ಒಳ್ಳೆಯ ಸಂಸ್ಥೆಯನ್ನು ಹಿಡಿದು, ತಿಂಗಳಿಂದ ತಿಂಗಳಿಗೆ ಅದರ ಸಂಖ್ಯೆ ಯಾವ ಕಡೆ ಸರಿಯುತ್ತಿದೆ ಎಂದು ನೋಡುವುದು ನನಗೆ ಹೆಚ್ಚು ಇಷ್ಟ. ಅವರ ವಿಧಾನ ಬದಲಾಗದಿದ್ದರೆ, ಆ ಸರಿದಾಟವಾದರೂ ನಂಬುವಂತಿರುತ್ತದೆ. ಅದಕ್ಕೆ ತಾಳ್ಮೆ ಬೇಕು, ಆ ಸಂಸ್ಥೆಯ ಸ್ವಂತ ವಾಲಿಕೆಯೂ ಜೊತೆಗೇ ಬರುತ್ತದೆ. ಯಾವುದನ್ನೇ ನೋಡಿದರೂ ಅವರು ಹೇಳುವ ಮಾರ್ಜಿನ್ ಆಫ್ ಎರರ್ ಅನ್ನು ಎರಡು ಪಟ್ಟು ಮಾಡಿಕೊಳ್ಳಿ. ಅವರು ಹೇಳುವುದು ಆಕಸ್ಮಿಕದ ಹೆಚ್ಚುಕಡಿಮೆ ಮಾತ್ರ, ಫೋನ್ ಎತ್ತದವರ ಲೆಕ್ಕ ಅದರಲ್ಲಿ ಇಲ್ಲ. ಅದೂ ಒಬ್ಬ ಅಭ್ಯರ್ಥಿಯ ಶೇಕಡಾವಾರಿಗೆ ಹೇಳಿದ್ದು, ಇಬ್ಬರ ನಡುವಿನ ಅಂತರಕ್ಕೆ ಅದು ಹತ್ತಿರ ಹತ್ತಿರ ದುಪ್ಪಟ್ಟಾಗುತ್ತದೆ.

ನಿಮ್ಮ ಫೋನಿಗೆ ಬರುವ ಮೆಸೇಜ್‌ಗಳ ಬಗ್ಗೆ. ಟೆಲಿಮಾರ್ಕೆಟಿಂಗ್ ತಡೆಯುವ ಡು ನಾಟ್ ಕಾಲ್ ಪಟ್ಟಿಯಲ್ಲಿ ಹೆಸರು ಹಾಕಿದ್ದರೂ ಸಮೀಕ್ಷೆಯವರು ಕರೆ ಮಾಡಬಹುದು, ಅದು ಅಕ್ರಮವಲ್ಲ. ಅವರಿಗೆ ನಿಮ್ಮ ಹೆಸರು ಗೊತ್ತಿದ್ದರೂ ಗಾಬರಿ ಬೇಡ, ಮತದಾರರ ಪಟ್ಟಿಯಿಂದ ಸಿಕ್ಕಿರುತ್ತದೆ. ನಿಜವಾದ ಸಮೀಕ್ಷೆಯವರು ವಯಸ್ಸು, ಓದು, ಊರು ಕೇಳುತ್ತಾರೆ, ಕೆಲವೊಮ್ಮೆ ಆದಾಯವನ್ನೂ ಕೇಳುತ್ತಾರೆ. ಇಷ್ಟವಿಲ್ಲದ್ದಕ್ಕೆ ಉತ್ತರ ಕೊಡಬೇಕಾಗಿಲ್ಲ. ಸೋಶಿಯಲ್ ಸೆಕ್ಯೂರಿಟಿ ನಂಬರ್, ಬ್ಯಾಂಕ್ ಕಾರ್ಡ್, ಪಾಸ್‌ವರ್ಡ್, ದೇಣಿಗೆ ಕೇಳಿದರೆ ಅದು ಸಮೀಕ್ಷೆ ಅಲ್ಲ, ತಕ್ಷಣ ಬಿಟ್ಟುಬಿಡಿ. ಎರಡೇ ಪ್ರಶ್ನೆ ಕೇಳಿ, ಅದರೊಳಗೇ ಒಬ್ಬ ಅಭ್ಯರ್ಥಿಯ ಬಗ್ಗೆ ಕೆಟ್ಟ ಮಾತು ತುರುಕಿದರೆ ಅದು ಪ್ರಚಾರ. ಮೆಸೇಜ್‌ನ ಲಿಂಕ್ ಒತ್ತಲು ಭಯವಾದರೆ ಒತ್ತಬೇಡಿ. ಸಂಸ್ಥೆಯ ಹೆಸರನ್ನು ನೀವೇ ಹುಡುಕಿ ನೋಡಿ, ಅಂಥ ಸಂಸ್ಥೆ ಇದೆಯೇ, ಹಿಂದೆ ಏನಾದರೂ ಪ್ರಕಟಿಸಿದೆಯೇ ಎಂದು ತಿಳಿದುಕೊಂಡು ಆಮೇಲೆ ಉತ್ತರಿಸಿ.

ಉತ್ತರಿಸಲೇಬೇಕೇ? ಬಲವಂತ ಇಲ್ಲ. ಆದರೆ ನೀವು ಬಿಟ್ಟ ಜಾಗವನ್ನು ನಿಮ್ಮ ವಯಸ್ಸಿನ, ನಿಮ್ಮಷ್ಟೇ ಓದಿದ ಯಾರದೋ ಉತ್ತರದಿಂದ ನಾವು ತುಂಬುತ್ತೇವೆ. ಅವರು ನಿಮ್ಮ ಹಾಗೇ ಯೋಚಿಸುತ್ತಾರೆ ಎಂಬ ಖಾತ್ರಿ ಇಲ್ಲ. ನನ್ನ ಆಸೆ, ನಮ್ಮವರು ಇನ್ನೂ ಸ್ವಲ್ಪ ಜಾಸ್ತಿ ಜನ ಉತ್ತರ ಕೊಡಬೇಕು ಎಂಬುದು. ಕೂಟದಲ್ಲಿ ಇದನ್ನು ಹೇಳುವಾಗ ಇನ್ನೊಂದು ಮಾತನ್ನೂ ಸೇರಿಸಿ: ಗ್ರೀನ್ ಕಾರ್ಡ್ ಅಥವಾ ಎಚ್‌1ಬಿ ಇರುವವರು ಸಮೀಕ್ಷೆಯಲ್ಲಿ "ನಾನು ಪೌರನಲ್ಲ" ಎಂದು ಹೇಳಿದರೆ ಯಾವ ತೊಂದರೆಯೂ ಇಲ್ಲ. ಆದರೆ ಯಾರೋ ಕೊಟ್ಟ ಮತದಾರರ ನೋಂದಣಿ ಅರ್ಜಿಗೆ ಮಾತ್ರ ಅಪ್ಪಿತಪ್ಪಿಯೂ ಸಹಿ ಹಾಕಬಾರದು. ಅದರಿಂದ ವಲಸೆ ಕಾಗದಪತ್ರಗಳಿಗೇ ಕುತ್ತು ಬರಬಹುದು.

ಕೊನೆಗೆ ನಿಮ್ಮ ಯಜಮಾನರಿಗೆ. ಹೌಸ್‌ನ 435 ಸ್ಥಾನಗಳಲ್ಲಿ ಹೆಚ್ಚಿನವು ಒಂದು ಪಕ್ಷಕ್ಕೆ ಗಟ್ಟಿ ಎಂದು ಅವರು ಹೇಳಿದರೆ ಅದು ನಿಜ, ನಿಮ್ಮದೂ ಹಾಗೇ ಇರಬಹುದು. ಆದರೆ ಅದನ್ನು ಹೇಳುವುದು ಹಳೆಯ ಫಲಿತಾಂಶ. ಒಂದೊಂದು ಹೌಸ್ ಕ್ಷೇತ್ರಕ್ಕೆ ಒಳ್ಳೆಯ ಸಮೀಕ್ಷೆ ಮಾಡಿಸುವವರೇ ಅಪರೂಪ. ಮಾಡಿದರೂ ಅದಕ್ಕೆ ಕಾಣದ ಅಂತರಗಳಿವೆ. ಕ್ಯಾಲಿಫೋರ್ನಿಯಾದ 13ನೇ ಕ್ಷೇತ್ರದಲ್ಲಿ 2022ರಲ್ಲಿ ಜಾನ್ ಡುವಾರ್ಟೆ ಗೆದ್ದದ್ದು 564 ಮತಗಳಿಂದ. 2024ರಲ್ಲಿ ಅದೇ ಇಬ್ಬರ ನಡುವೆ ಆಡಮ್ ಗ್ರೇ ಗೆದ್ದದ್ದು 187 ಮತಗಳಿಂದ. 2017ರಲ್ಲಿ ವರ್ಜೀನಿಯಾದ ಶಾಸನಸಭೆಯ ಒಂದು ಸ್ಥಾನಕ್ಕೆ ಇಬ್ಬರಿಗೂ 11,608 ಮತ ಬಂದು, ಬಟ್ಟಲಿನಿಂದ ಚೀಟಿ ಎತ್ತಿ ತೀರ್ಮಾನಿಸಿದರು.

ಅದೂ ಅಲ್ಲದೆ, ನಿಮ್ಮ ಮತಪತ್ರದಲ್ಲಿ ಹೌಸ್ ಸ್ಥಾನವೊಂದೇ ಇರುವುದಿಲ್ಲ. ನ್ಯೂಜೆರ್ಸಿಯ ಹೆಚ್ಚಿನ ಊರುಗಳಲ್ಲಿ ಶಾಲಾ ಮಂಡಳಿಯ ಸದಸ್ಯರ ಆಯ್ಕೆಯೂ ಅದೇ ದಿನ, ಅನೇಕ ಕಡೆ ಟೌನ್‌ಶಿಪ್ ಕೌನ್ಸಿಲ್ ಕೂಡ. ನಿಮ್ಮ ಮಕ್ಕಳ ಶಾಲೆಯ ಬಜೆಟ್, ನಿಮ್ಮ ಪ್ರಾಪರ್ಟಿ ಟ್ಯಾಕ್ಸ್ ಅವರ ಕೈಯಲ್ಲಿದೆ. ಆ ಸ್ಥಾನಗಳಿಗೆ ಸಮೀಕ್ಷೆ ಮಾಡುವವರು ಯಾರೂ ಇಲ್ಲ, ಅಲ್ಲಿ ಯಾರು ಗೆಲ್ಲುತ್ತಾರೆಂದು ನಿಮ್ಮ ಯಜಮಾನರಿಗೂ ನನಗೂ ಗೊತ್ತಿಲ್ಲ. ಚುನಾವಣೆಗೆ ಮುಂಚೆ ಮಾದರಿ ಮತಪತ್ರ ಅಂಚೆಯಲ್ಲಿ ಮನೆಗೆ ಬರುತ್ತದೆ. ಅದರಲ್ಲಿರುವ ಹೆಸರುಗಳನ್ನು ಇಬ್ಬರೂ ಕೂತು ನೋಡಿ. ಯಜಮಾನರು ಪೌರರಾಗಿದ್ದೂ ಇನ್ನೂ ನೋಂದಣಿ ಮಾಡಿಸಿಲ್ಲ ಎಂದಾದರೆ, ಅದಕ್ಕೆ ಕೊನೆಯ ದಿನ ಅಕ್ಟೋಬರ್ 13.